ಎಡಗಡೆಯ ಡಬ್ಬಿ

ನಮ್ಮ ಮನೆತನದಲ್ಲಿ ವೈರು, ಫ್ಯೂಸು, ರಿಮೋಟು ಮುಂತಾದ ಇಲಾಖೆಗಳು ಬಹುಕಾಲದಿಂದ ನನ್ನ ವಶದಲ್ಲಿವೆ. ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿದ್ದೇನೆಂಬುದೊಂದೇ ಅರ್ಹತೆ. ಬೆಳಕು ನೀರಿನಲ್ಲಿ ಯಾಕೆ ಬಾಗುತ್ತದೆಂದು ಬಲ್ಲವನಿಗೆ ಮಿಕ್ಸರು ಯಾಕೆ ತಿರುಗುತ್ತಿಲ್ಲವೆಂದು ತಿಳಿದಿರಲೇಬೇಕು ಎಂಬುದು ಬಂಧುಗಳ ನಂಬಿಕೆ. ಆದ್ದರಿಂದ ಆದೋನಿಯಿಂದ ಅಕ್ಕ ಫೋನು ಮಾಡಿ, ಮಾವನ ಸೌಂಡ್ ಪೆಟ್ಟಿಗೆಯಲ್ಲಿ ಎಡಗಡೆಯ ಡಬ್ಬಿ ಮಾತಾಡುತ್ತಿಲ್ಲ, ಬಂದು ನೋಡು ಎಂದಾಗ, ಸ್ಕ್ರೂಡ್ರೈವರು, ಟೇಪು, ಟಾರ್ಚುಗಳನ್ನು ಚೀಲಕ್ಕೆ ಹಾಕಿಕೊಂಡು ಎಮ್ಮಿಗನೂರಿನಲ್ಲಿ ಬಸ್ಸು ಹತ್ತಿದೆ.

ಮಾವ ಎಂದರೆ ಅಕ್ಕನ ಗಂಡ. ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಆಯುಷ್ಯವನ್ನೆಲ್ಲ ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ, ಯಂತ್ರದ ಮಗ್ಗುಲಲ್ಲಿ ನಿಂತು ಕಳೆದ ಮನುಷ್ಯ. ಬೀಡಿಯಿಲ್ಲ, ಇಸ್ಪೀಟಿಲ್ಲ. ನಿವೃತ್ತಿಯಾದ ಮೇಲೆ ಮಾಡಿದ ಒಂದೇ ದುಂದು ಎಂದರೆ ಈ ಪೆಟ್ಟಿಗೆ. ಟಿ.ವಿ.ಯ ಕೆಳಗೆ ರಿಸೀವರು, ಕೋಣೆಯ ನಾಲ್ಕು ಮೂಲೆಗೆ ನಾಲ್ಕು ಸ್ಪೀಕರು, ಎದುರಿಗೆ ನಡುವೆ ಇನ್ನೊಂದು, ನೆಲದ ಮೇಲೆ ಗುಡುಗುವುದಕ್ಕೆಂದೇ ಒಂದು ವೂಫರು. ಇಷ್ಟು ಪರಿವಾರದ ಮಧ್ಯೆ ಕುರ್ಚಿ ಹಾಕಿಕೊಂಡು ಹಳೆಯ ತೆಲುಗು ಸಿನಿಮಾಗಳನ್ನು ದರ್ಬಾರಿನ ಗಾಂಭೀರ್ಯದಿಂದ ನೋಡುತ್ತಿದ್ದರು.

ಅಕ್ಕನಿಗೆ ಪೆಟ್ಟಿಗೆಯ ಚಿಂತೆ ಅಷ್ಟಿರಲಿಲ್ಲ. ಆಕೆಯನ್ನು ತಿನ್ನುತ್ತಿದ್ದ ಸಂಗತಿ ಬೇರೆ. ಮಿಲ್ಲು ಬಿಟ್ಟ ಮೇಲೆ ಮಾವನಿಗೆ ತಮ್ಮ ಊರು ಕೌತಾಳಂಗೆ ಹೋಗಿ ಇರುವ ಆಸೆ. ಅಕ್ಕ ಒಪ್ಪಲಿಲ್ಲ. ನೀರಿಲ್ಲ, ನೆರೆ ಸರಿಯಿಲ್ಲ, ಓರಗಿತ್ತಿಯ ಮುಖ ದಿನಾ ನೋಡಲಾರೆ ಎಂದು ಸಬೂಬುಗಳ ಗೋಡೆಯನ್ನೇ ಕಟ್ಟಿದಳು. ಅವರು ಒತ್ತಾಯಿಸುವವರಲ್ಲ, ಸುಮ್ಮನಾದರು. ಕೊನೆಗೊಂದು ಮಧ್ಯಾಹ್ನ ಅಕ್ಕನ ಮನಸ್ಸೇ ಕರಗಿ, ಆಗಲಿ, ಹೋಗೋಣ ನಡೆಯಿರಿ ಎಂದಳು. ಮಾವ ಉತ್ತರ ಕೊಡಲಿಲ್ಲ. ಟಿ.ವಿ. ನೋಡುತ್ತಲೇ ಇದ್ದರು. ಎರಡನೆಯ ಸಲ ಕೇಳುವಷ್ಟು ಬಗ್ಗುವುದು ಅಕ್ಕನ ಜಾಯಮಾನವಲ್ಲ. ಆ ಮಾತು ಅಲ್ಲಿಗೇ ನಿಂತಿತು. ಕೆಲವು ತಿಂಗಳಲ್ಲಿ ಮಾವನ ಎದೆಯೂ ನಿಂತಿತು.

ಮಾವನ ಉತ್ತರಕ್ರಿಯೆಯ ಊಟದ ಹೊತ್ತಿನಲ್ಲಿ ಇದನ್ನು ನನಗೆ ಹೇಳಿದ್ದಳು. ಆಮೇಲೆ ಪ್ರತಿ ಫೋನಿನಲ್ಲೂ ಹೇಳುತ್ತಿದ್ದಳು. ಅಂದು ಚಹಾ ಕೊಡುವಾಗಲೂ ಹೇಳಿದಳು: “ಬರ್ತೀನಿ ಅಂದ್ರೂ ಬಾಯಿ ಬಿಡ್ಲಿಲ್ಲೋ ತಮ್ಮಾ. ಅಷ್ಟು ಸಿಟ್ಟು ಇಟ್ಕೊಂಡು ಹೋದ್ರು.”

ನಾನು ಚಹಾ ಕುಡಿದು, ಸರ್ಕಾರಿ ತನಿಖಾಧಿಕಾರಿಯ ಠೀವಿಯಲ್ಲಿ ರಿಸೀವರಿನ ಹಿಂದೆ ಮಂಡಿಯೂರಿದೆ. ಬಜಾರಿನ ಅಂಗಡಿಯವನು ಪೆಟ್ಟಿಗೆಯನ್ನು ನೋಡದೆಯೇ ಫೋನಿನಲ್ಲಿ “ಬೋರ್ಡು ಪೋಯಿಂದಕ್ಕಾ” ಎಂದು, ಒಳಗಿನ ಬೋರ್ಡೇ ಹೋಗಿದೆಯೆಂದು, ತೀರ್ಪು ಕೊಟ್ಟಿದ್ದನಂತೆ. ನಾನು ಅಷ್ಟು ಬೇಗ ತೀರ್ಪು ಕೊಡುವವನಲ್ಲ. ಎಡಗಡೆಯ ವೈರನ್ನು ಬಲಗಡೆಯ ಕಿಂಡಿಗೆ, ಬಲಗಡೆಯದನ್ನು ಎಡಕ್ಕೆ ಚುಚ್ಚಿದೆ. ಸತ್ತಿದೆ ಎಂದುಕೊಂಡಿದ್ದ ಡಬ್ಬಿ ಗಟ್ಟಿಯಾಗಿ ಹಾಡಿತು. ಹಾಡುತ್ತಿದ್ದ ಡಬ್ಬಿ ಪಿಸುಗುಟ್ಟಿತು. ಅಂದರೆ ಸ್ಪೀಕರು ನಿರಪರಾಧಿ, ತಪ್ಪು ರಿಸೀವರಿನ ಎಡಭಾಗದ್ದು. ಅಂಗಡಿಯವನೇ ಗೆದ್ದನಲ್ಲಾ ಎಂದು ಮನಸ್ಸು ಮುದುಡಿತು. ಆದರೆ ಹಿಂದಿನ ಮೂಲೆಯ ಎಡ ಸ್ಪೀಕರೂ ಅಷ್ಟೇ ಸಣ್ಣಗೆ ನುಡಿಯುತ್ತಿತ್ತು. ಬೋರ್ಡು ಕೆಟ್ಟರೆ ಇಷ್ಟು ಅಚ್ಚುಕಟ್ಟಾಗಿ ಕೆಡುವುದಿಲ್ಲ.

ವೈರುಗಳನ್ನು ಮೊದಲಿನಂತೆ ಸೇರಿಸಿ, ರಿಮೋಟಿನಿಂದ ಸೆಟ್ಟಿಂಗಿನ ಒಳಹೊಕ್ಕೆ. ಅಲ್ಲೊಂದು ಪರೀಕ್ಷೆ ಇರುತ್ತದೆ. ಪ್ರತಿ ಸ್ಪೀಕರಿನಿಂದ ಸರದಿಯ ಮೇಲೆ ‘ಶ್ಶ್’ ಎಂಬ ಸದ್ದು ಬರುತ್ತದೆ, ಕುಕ್ಕರು ಕೋಣೆ ಸುತ್ತಿದ ಹಾಗೆ. ಪರದೆಯ ಮೇಲೆ ಒಂದೊಂದರ ಮಟ್ಟವೂ ಕಾಣಿಸುತ್ತದೆ. ಎಡಗಡೆಯ ಎರಡನ್ನೂ ಪೂರ್ತಿ ಇಳಿಸಲಾಗಿತ್ತು, ಬಲಗಡೆಯ ಎರಡನ್ನೂ ಪೂರ್ತಿ ಏರಿಸಲಾಗಿತ್ತು. ಇದು ಕೈತಪ್ಪಿ ಆಗುವಂಥದ್ದಲ್ಲ. ಯಾರೋ ಕುರ್ಚಿಯಲ್ಲಿ ಕೂತು, ಕೇಳಿ ಕೇಳಿ, ತಾಳ್ಮೆಯಿಂದ ಹೊಂದಿಸಿದ್ದರು. ಆ ರಿಮೋಟನ್ನು ಮಾವನ ಹೊರತು ಯಾರೂ ಮುಟ್ಟುತ್ತಿರಲಿಲ್ಲ.

“ಅಕ್ಕಾ, ಮಾವಗ ಬಲಗಿವಿ ಸರಿ ಕೇಳ್ತಿತ್ತೇನು?”

“ಕೇಳದ ಏನು? ಕರದ್ರ ಓ ಅಂತಿದ್ರು.”

“ಯಾವ ಮಗ್ಗಲಿಂದ ಕರದ್ರ?”

ಆಕೆ ಮಾವನ ಕುರ್ಚಿಯ ಕಡೆ ತಿರುಗಿದಳು. ನನಗೂ ಆಗಲೇ ಹೊಳೆದದ್ದು: ಬಜಾರಿನಲ್ಲಿ ಜೊತೆಗೆ ನಡೆಯುವಾಗ ಮಾವ ಯಾವಾಗಲೂ ಸುತ್ತಿ ಬಂದು ನನ್ನನ್ನು ತಮ್ಮ ಎಡಕ್ಕೆ ಹಾಕಿಕೊಳ್ಳುತ್ತಿದ್ದರು. ಆಟೋಗಳಿಂದ ನನ್ನನ್ನು ಕಾಪಾಡುತ್ತಿದ್ದಾರೆಂದು ನಾನು ಭಾವಿಸಿ ಕೃತಜ್ಞನಾಗಿದ್ದೆ. ಫೋನು ಬಂದರೆ ಬಲಗೈಯಲ್ಲಿ ಹಿಡಿದು, ತಲೆಯ ಆಚೆ ದಾಟಿಸಿ ಎಡಗಿವಿಗೆ ಇಡುತ್ತಿದ್ದರೆಂದು ಅಕ್ಕ ನಿಧಾನವಾಗಿ ನೆನಪು ಮಾಡಿಕೊಂಡಳು. ಅದೊಂದು ಚಾಳಿ ಅಂದ್ಕೊಂಡಿದ್ದೆ ಎಂದಳು.

ಅಕ್ಕ ಶೇಂಗಾ ಬಿಡಿಸುತ್ತ, ಅಕ್ಕಿ ಹಸನು ಮಾಡುತ್ತ ಕೂರುತ್ತಿದ್ದ ಚಾಪೆ ಕುರ್ಚಿಯ ಬಲಗಡೆಗೇ ಇತ್ತು. ಅದನ್ನೇ ನೋಡುತ್ತ ಕೇಳಿದಳು.

“ಇಲ್ಲೇ ಕುಂತು ಹೇಳಿದ್ದೆ. ಟಿ.ವಿ. ಹಚ್ಚಿತ್ತು. ಕೇಳಿಸಿರಾಕಿಲ್ಲೇನು?”

ಲೆಕ್ಕ ಬಿಡಿಸಿದವನ ಉತ್ಸಾಹದಲ್ಲಿ ನಾನು ಅವಸರಪಟ್ಟೆ. “ಸಿಟ್ಟೂ ಇಲ್ಲ, ಏನೂ ಇಲ್ಲಕ್ಕಾ. ಕೇಳಿಸಿಲ್ಲ, ಅಷ್ಟೇ.”

ಆಕೆಯ ಮುಖ ಒಂದು ಗಳಿಗೆ ಸಡಿಲಾಯಿತು. ಇಷ್ಟು ತಿಂಗಳಿನ ಭಾರ ಇಳಿಯಿತೆಂದು ನಾನು ಮನಸ್ಸಿನಲ್ಲೇ ನನ್ನ ಬೆನ್ನು ತಟ್ಟಿಕೊಂಡೆ. ಆಮೇಲೆ ಅಕ್ಕ ಹೇಳಿದಳು:

“ಹಂಗಾದ್ರ ನಾ ಒಪ್ಪಿದ್ದು ಅವ್ರಿಗೆ ಗೊತ್ತೇ ಆಗ್ಲಿಲ್ಲ. ಆಕಿ ಬರಾಕಿಲ್ಲ ಅಂದ್ಕೊಂಡೇ ಹೋದ್ರು.”

ನನ್ನ ಭೌತಶಾಸ್ತ್ರ ಅಲ್ಲಿಗೆ ಮುಗಿಯಿತು.

ಕಿವಿ ಮಂದವಾಗಿದೆ ಎಂದು ಹೆಂಡತಿಗೆ ಒಂದು ಮಾತು ಹೇಳಿದ್ದರೆ ಆ ಮನುಷ್ಯನ ಗಂಟೇನು ಹೋಗುತ್ತಿತ್ತೋ ತಿಳಿಯದು. ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಎಳೆ ಅಂಗಿಗೆ ಅಂಟುವ ಹಾಗೆ ಇದೂ ಅಂಟಿದ್ದು, ಇದರಲ್ಲಿ ಹೇಳುವುದೇನಿದೆ ಎಂದುಕೊಂಡಿರಬೇಕು. ಹೆಂಡತಿಗೆ ಹೇಳದ್ದನ್ನು ರಿಸೀವರಿಗೆ ಹೇಳಿಕೊಂಡಿದ್ದರು. ಅದೂ ತೆಪ್ಪಗಿತ್ತು.

ಅಕ್ಕ ಎರಡೂ ಕಡೆ ಸರಿ ಮಾಡೆಂದಳು. ನಾನು ತಡವರಿಸಿದೆ. ಇದು ಮಾವ ತಮ್ಮ ಕಿವಿಗೆ ಹೊಂದಿಸಿಕೊಂಡದ್ದು, ಒಮ್ಮೆ ಅಳಿಸಿದರೆ ಅವರ ಕೈಯ ಗುರುತು ಹೋಗುತ್ತದೆ, ಬೇಕಾದರೆ ಹಾಗೇ ಇರಲಿ ಎಂದೆ.

“ತಗಿ,” ಎಂದಳು. “ನನಗ ಎರಡೂ ಕಿವಿ ಅದಾವು.”

ತೆಗೆದೆ. ನಾಲ್ಕೂ ಸ್ಪೀಕರು ಒಂದೇ ಮಟ್ಟಕ್ಕೆ ಬಂದವು. ಟಿ.ವಿ.ಯಲ್ಲಿ ಯಾವುದೋ ಕೋರ್ಟಿನ ದೃಶ್ಯ. ವಕೀಲನೊಬ್ಬ ನ್ಯಾಯದ ಬಗ್ಗೆ ತೆಲುಗಿನಲ್ಲಿ ಅಬ್ಬರಿಸುತ್ತಿದ್ದ, ಎಡಬಲ ಭೇದವಿಲ್ಲದೆ ಸ್ಪಷ್ಟವಾಗಿ ಕೇಳಿಸುತ್ತಿದ್ದ. ಸರಿಯಾಯಿತೇ ಎಂದು ಕೇಳಿದೆ. ಅಕ್ಕ ಗೋಡೆಯ ಕಡೆ ತಿರುಗಿ ಕೂತಿದ್ದಳು.

“ಇನ್ನೊಂದೀಟು ದೊಡ್ಡದು ಮಾಡು.”

ಮಾಡಿದೆ.

“ಇನ್ನೂ.”

ಅಡುಗೆಮನೆಯ ತಟ್ಟೆಗಳು ಅದುರುವವರೆಗೆ ಏರಿಸಿದೆ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಹೆಗಲು ಕುಲುಕತೊಡಗಿತು. ವಕೀಲನ ಗದ್ದಲದಲ್ಲಿ ಬೇರೇನೂ ಕೇಳಿಸಲಿಲ್ಲ. ನಾನು ಟಾರ್ಚು ಹಿಡಿದು ರಿಸೀವರಿನ ಹಿಂದೆ ಹೋಗಿ, ಸರಿಯಾಗಿಯೇ ಇದ್ದ ವೈರುಗಳನ್ನು ಒಂದೊಂದಾಗಿ ಬಿಗಿ ಮಾಡುತ್ತ ಕೂತೆ.