ಚೆಲ್ಲಿದರೆ ಸಾಲದು, ಉಜ್ಜಬೇಕು

ಅವರ ಎಡಗೈಯ ಎರಡು ಬೆರಳುಗಳಿಗೆ ತುದಿ ಇರಲಿಲ್ಲ. ಉಂಗುರದ ಬೆರಳು, ಕಿರುಬೆರಳು ಎರಡೂ ಮೇಲಿನ ಗೆಣ್ಣಿಗೇ ಮುಗಿದು, ಅಲ್ಲಿನ ಚರ್ಮ ಸುಲಿದ ಬಟಾಣಿಯಂತೆ ನುಣ್ಣಗೆ ಹೊಳೆಯುತ್ತಿತ್ತು. ಹೊಸಬರು ಆ ಕೈಯನ್ನು ನೋಡಿಯೂ ನೋಡದವರಂತೆ ಇರುತ್ತಿದ್ದರು. ಅವರು ಮಾತ್ರ ಅದನ್ನು ಸೆರಗಿನಡಿ ಬಚ್ಚಿಟ್ಟವರಲ್ಲ. ಕಂಡವರ ಮನೆಯ ನೀರಿನ ಡ್ರಮ್ಮಿನೊಳಗೆ ಮೊಳಕೈವರೆಗೂ ಇಳಿಸುತ್ತಿದ್ದುದು ಅದೇ ಕೈಯನ್ನು. ಒಳಗಿನ ಗೋಡೆಯನ್ನು ಸವರಿ ಹೊರಗೆ ತೆಗೆದು, ಬೆರಳಿಗಂಟಿದ ಕಪ್ಪು ಚುಕ್ಕಿಗಳನ್ನು ಮನೆಯವರ ಮೂಗಿನ ಹತ್ತಿರ ಹಿಡಿಯುತ್ತಿದ್ದರು. "ನೋಡಿ, ಸೊಳ್ಳೆ ಮೊಟ್ಟೆ. ನೀವೇ ಸಾಕಿದ್ದು."

ಶಿವಮೊಗ್ಗ, ಭದ್ರಾವತಿ ಎರಡೂ ಊರುಗಳಿಗೆ ಅವರು ಕರ್ನಲ್ ಮೇಡಂ. ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ, ಆಗಲೇ ಜನ ಅವರನ್ನು ಬೆಣ್ಣೆಯಂಥ ಮನುಷ್ಯರನ್ನಾಗಿ ಮಾಡಿಬಿಟ್ಟಿದ್ದಾರೆ. ಮೃದು ಸ್ವಭಾವದವರಂತೆ, ಯಾರ ಮನಸ್ಸನ್ನೂ ನೋಯಿಸಿದವರಲ್ಲವಂತೆ. ಆರೋಗ್ಯ ಸಹಾಯಕಿಯಾಗಿ ಅವರ ಹಿಂದೆ ಗಲ್ಲಿಗಲ್ಲಿ ಸುತ್ತಿದವಳು ನಾನು. ಅವರ ಕೈಯಲ್ಲಿ ಬೈಸಿಕೊಳ್ಳದ ಒಂದು ವಾರ ನನಗೆ ನೆನಪಿಲ್ಲ. ಅವರು ಬೇಕಾದಷ್ಟು ಜನರ ಮನಸ್ಸು ನೋಯಿಸಿದ್ದಾರೆ, ಮತ್ತು ಒಳ್ಳೆಯ ಕೆಲಸ ಮಾಡಿದ್ದಾರೆ. ಇದನ್ನು ಬರೆಯುತ್ತಿರುವುದೇ ಆ ಬೆಣ್ಣೆಯನ್ನು ಒರೆಸಿಹಾಕುವುದಕ್ಕೆ.

ಶಿವಮೊಗ್ಗದ ಕೋಟೆ ಭಾಗದಲ್ಲಿ ಹುಟ್ಟಿ ಬೆಳೆದವರು. ಡಾಕ್ಟರಿಕೆ ಓದಿ ಸೈನ್ಯ ಸೇರಿ, ಮರಳುಗಾಡು, ಹಿಮದ ಬೆಟ್ಟ ಎಲ್ಲ ಕಂಡು, ಕರ್ನಲ್ ಆಗಿ ನಿವೃತ್ತರಾಗಿ ಊರಿಗೆ ಮರಳಿದರು. ಕೋಟೆ ರಸ್ತೆಯಲ್ಲಿ ಒಂದು ಬೋರ್ಡು ತಗುಲಿಸಿದ್ದರೆ ಸಾಕಿತ್ತು, ರೋಗಿಗಳು ಸಾಲುಗಟ್ಟುತ್ತಿದ್ದರು. ಬಂಧುಗಳು ಮಳಿಗೆ ಕೂಡ ನೋಡಿಟ್ಟಿದ್ದರಂತೆ. ಇವರು ಅದನ್ನೆಲ್ಲ ಬಿಟ್ಟು, ಎರಡೂ ಊರಿನಲ್ಲಿ ಡೆಂಗಿ ಜ್ವರ ತಡೆಯುವ ತಂಡದ ಮುಖ್ಯಸ್ಥೆಯ ಕೆಲಸ ಹಿಡಿದರು. ಹಳೆಯ ಜೀಪು, ನಮ್ಮಂಥ ಕೆಲವು ಹೆಂಗಸರು, ಒಂದಿಷ್ಟು ಬ್ಲೀಚಿಂಗ್ ಪುಡಿ, ಇಷ್ಟೇ ಆ ತಂಡ. ಕರ್ನಲ್ ಆಗಿದ್ದವರು ಸೊಳ್ಳೆ ಹಿಂದೆ ಯಾಕೆ ಬಿದ್ದಿರಿ ಎಂದು ಒಮ್ಮೆ ಕೇಳಿದ್ದೆ.

"ಗಾಯ ಆದ್ಮೇಲೆ ಹೊಲಿಯೋದು ಮಾಡಿ ಮಾಡಿ ಸಾಕಾಯ್ತು ಮಾರಾಯ್ತಿ. ಗಾಯ ಆಗೋಕ್ಕೆ ಮುಂಚೆನೇ ಹೋಗಿ ಅಡ್ಡ ನಿಲ್ಲೋಣ ಅನ್ನಿಸ್ತು" ಎಂದರು.

ಬೆರಳಿನ ಕಥೆಯನ್ನು ಹೇಳಿದ್ದೂ ಒಂದೇ ಸಲ. ಜೀಪು ಕೆಟ್ಟು ಭದ್ರಾವತಿ ರಸ್ತೆಯಲ್ಲಿ ನಿಂತಿದ್ದಾಗ, ನಾನು ರಬ್ಬರ್ ಗ್ಲೌಸ್ ಬೇಕೆಂದು ಗೊಣಗಿದ್ದೆ. ಹಿಮದ ಪೋಸ್ಟಿನಲ್ಲಿ ಒಬ್ಬ ಸೈನಿಕನ ರಕ್ತನಾಳ ಸಿಗದೆ ಗ್ಲೌಸ್ ಬಿಚ್ಚಿದರಂತೆ. ಹೆಲಿಕಾಪ್ಟರ್ ಬರುವವರೆಗೂ ಸೂಜಿ ಜಾರದಂತೆ ಆ ಕೈಯಲ್ಲೇ ಹಿಡಿದುಕೊಂಡಿದ್ದರಂತೆ. ಅವನು ಉಳಿದ, ಇವರ ಬೆರಳಿನ ತುದಿಗಳು ಹಿಮಕ್ಕೆ ಮರಗಟ್ಟಿ ಹೋದವು. "ನಿಂಗೆ ಗ್ಲೌಸ್ ತರಿಸ್ಕೊಡ್ತೀನಿ. ಆದ್ರೆ ಗೋಡೆಗೆ ಅಂಟಿರೋ ಮೊಟ್ಟೆ ಬರೀ ಕೈಗೆ ಮಾತ್ರ ಗೊತ್ತಾಗೋದು" ಎಂದರು. ಗ್ಲೌಸ್ ಬಂತು. ನಾನು ಹಾಕಿಕೊಳ್ಳಲಿಲ್ಲ.

ಹಣೆಗೆ ತೆಳ್ಳಗೆ ವಿಭೂತಿ, ಮೊಣಕಾಲ ಕೆಳಗಿನವರೆಗೆ ಎತ್ತಿ ಕಟ್ಟಿದ ಕಾಟನ್ ಸೀರೆ, ಕಾಲಿಗೆ ಕ್ಯಾನ್ವಾಸ್ ಬೂಟು. ಕೈಯಲ್ಲಿ ಸೈನ್ಯದ ಕಾಲದ ಬಿಳಿ ಎನಾಮೆಲ್ ಮಗ್ಗು. ಅದರಲ್ಲಿ ನೀರು ಮೊಗೆದರೆ ಬಿಳಿಯ ತಳದ ಮೇಲೆ ಸೊಳ್ಳೆಮರಿಗಳು ಕುಣಿಯುವುದು ಚೆನ್ನಾಗಿ ಕಾಣುತ್ತಿತ್ತು. ಅದೇ ಮಗ್ಗನ್ನು ತಿಕ್ಕಿ ತೊಳೆದು ಚಹಾ ಕುಡಿಯುತ್ತಿದ್ದರು. ನಮಗೆ ಹೇಸಿಗೆ, ಅವರಿಗೆ ಲೆಕ್ಕವೇ ಇಲ್ಲ. ಹಳೇ ಟೈರಿನ ಅಂಗಡಿಯ ಸಾಹೇಬರು ಅವರನ್ನು ಕಂಡರೆ ದೂರದಿಂದಲೇ ಕೈ ಮುಗಿಯುತ್ತಿದ್ದರು. "ಕ್ಯಾ ಆಪಾ, ಟೈರೊಳಗೂ ಕೈ ಹಾಕ್ತೀರಲ್ರೀ! ನಮ್ ಹುಡುಗ್ರೇ ಹಾಕಲ್ಲ."

"ನಿಮ್ ಹುಡುಗ್ರು ಹಾಕಲ್ಲ ಅಂತಾನೇ ನಾನು ಬಂದಿದೀನಿ ಭಾಯ್."

ಅವರ ಬಾಯಿಪಾಠ ಒಂದೇ: "ಚೆಲ್ಲಿದ್ರೆ ಸಾಲ್ದು, ಉಜ್ಜಬೇಕು." ನೀರು ಚೆಲ್ಲಿ ಹೊಸ ನೀರು ತುಂಬಿದರೆ ಕೆಲಸ ಮುಗಿಯಿತು ಎಂದು ಎಲ್ಲರೂ ತಿಳಿದಿದ್ದೆವು. ಮೊಟ್ಟೆಗಳು ಗೋಡೆಗೆ ಕಚ್ಚಿಕೊಂಡು, ಒಣಗಿದರೂ ಸಾಯದೆ ಕಾಯುತ್ತವೆ. ನೀರು ಮುಟ್ಟಿದ ಕೂಡಲೇ ಮತ್ತೆ ಮರಿ. ಹಾಗಾಗಿ ತೆಂಗಿನ ನಾರು ಹಿಡಿದು ತಳದಿಂದ ಕಂಠದವರೆಗೆ ಉಜ್ಜಿಸುತ್ತಿದ್ದರು.

ಇದಕ್ಕೆ ಎಲ್ಲರಿಗಿಂತ ಗಟ್ಟಿಯಾಗಿ ಅಡ್ಡ ನಿಂತವಳು ನನ್ನ ಅಮ್ಮ. ಭದ್ರಾವತಿಯ ಕಾಗದನಗರದಲ್ಲಿ ನಮ್ಮ ಮನೆ, ಅಪ್ಪ ಕಾಗದದ ಮಿಲ್ಲಿನಲ್ಲಿದ್ದವರು. ನಮ್ಮ ಕ್ವಾರ್ಟರ್ಸ್ ಲೈನಿನ ಹೆಂಗಸರು ಶುಕ್ರವಾರ ಡ್ರಮ್ಮಿನ ಹೊರಮೈಯನ್ನು ಕನ್ನಡಿಯಂತೆ ತಿಕ್ಕಿ ಅರಿಶಿನ ಕುಂಕುಮ ಇಡುತ್ತಿದ್ದರು. ತಳದ ನೀರನ್ನು ಮಾತ್ರ ಚೆಲ್ಲುತ್ತಿರಲಿಲ್ಲ. ಮನೆಯಲ್ಲಿ ಹಂಡೆ ಪೂರ್ತಿ ಬರಿದಾದರೆ ಲಕ್ಷ್ಮಿ ಎದ್ದುಹೋಗುತ್ತಾಳೆ ಎಂದು ಹಳೇ ನೀರಿನ ಮೇಲೇ ಹೊಸ ನೀರು. ಆ ಮಳೆಗಾಲ ನಮ್ಮ ಲೈನಿನಲ್ಲಿ ಮನೆಗೊಬ್ಬರು ಜ್ವರ ಬಂದು ಮಲಗಿದ್ದರು. ಕರ್ನಲ್ ಮೇಡಂ ನಮ್ಮ ಹಿತ್ತಿಲಿಗೇ ಬಂದು ಡ್ರಮ್ಮು ಕವುಚಲು ಹೇಳಿದರು. ಅಮ್ಮ ಅದನ್ನು ತಬ್ಬಿಕೊಂಡು ನಿಂತಳು.

"ನೀವು ಕರ್ನಲ್ ಆದ್ರೆ ಬಾರ್ಡರ್‌ನಲ್ಲಿ. ಇದು ನನ್ ಮನೆ. ಖಾಲಿ ಮಾಡೋಕೆ ಬಿಡಲ್ಲ."

ನಾನು ನೆಲ ನೋಡುತ್ತಾ ನಿಂತೆ. ಮೇಡಂ ಈಗ ಸಿಡಿಯುತ್ತಾರೆ ಅಂದುಕೊಂಡಿದ್ದೆ. ಅವರು ಡ್ರಮ್ಮಿನ ಪಕ್ಕದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ತಮ್ಮ ಮಗ್ಗನ್ನು ಅಮ್ಮನ ಮುಂದೆ ಚಾಚಿದರು. "ಲಕ್ಷ್ಮಿಗೆ ಕೂರೋಕೆ ಎಷ್ಟು ನೀರು ಬೇಕಮ್ಮ? ಒಂದು ಮಗ್ ಸಾಕಾ? ತಗೊಳ್ಳಿ, ಇದ್ರಲ್ಲಿ ತೆಗೆದಿಡಿ. ಕುದಿಸಿ, ಬಟ್ಟೆ ಕಟ್ಟಿ ದೇವರ ಮುಂದೆ ಇಡಿ. ನಾವು ಉಜ್ಜಿ ಮುಗಿಸೋ ತನಕ ಅಲ್ಲಿ ಕೂತಿರ್ಲಿ. ಆಮೇಲೆ ಮೊದಲು ಅದನ್ನೇ ಡ್ರಮ್ಮಿಗೆ ಹಾಕಿ. ಮನೆ ಖಾಲಿ ಆಗಲ್ವಲ್ಲ?"

ಅಮ್ಮ ಯೋಚಿಸಿದಳು. "ಕುದಿಸಿದ್ರೆ ಲಕ್ಷ್ಮಿಗೆ ಸುಡಲ್ವಾ?"

"ಸೈನ್ಯದಲ್ಲಿ ನಾವೆಲ್ಲ ಕುದಿಸಿದ ನೀರೇ ಕುಡಿದಿದ್ದು. ಯಾರೂ ಬಿಟ್ಟು ಓಡಿಹೋಗ್ಲಿಲ್ಲ."

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಮಗ್ಗು ನಮ್ಮ ಮನೆಯ ದೇವರ ಗೂಡಿನಲ್ಲಿ ಕೂತಿತು. ಮೇಡಂ ಅದನ್ನು ವಾಪಸ್ ಕೇಳಲೂ ಇಲ್ಲ. ಮುಂದಿನ ವಾರದಿಂದ ಅಮ್ಮನೇ ಪಕ್ಕದ ಮನೆಗಳಿಗೆ ಹೋಗಿ, ಲಕ್ಷ್ಮಿಯನ್ನು ಮಗ್ಗಿಗೆ ಇಳಿಸಿ ಡ್ರಮ್ಮು ಉಜ್ಜಿಸತೊಡಗಿದಳು. ಹೀಗೆ ನಮ್ಮ ಲೈನು ಜ್ವರದಿಂದ ಬಿಡುಗಡೆ ಪಡೆಯಿತು.

ಅದಾದ ಕೆಲವು ತಿಂಗಳಿಗೆ ನನ್ನ ತಂಗಿಯ ಮದುವೆ, ಶಿವಮೊಗ್ಗದ ಒಂದು ದೊಡ್ಡ ಕಲ್ಯಾಣಮಂಟಪದಲ್ಲಿ. ಆ ಮಂಟಪದ ಯಜಮಾನರು ಊರಿನಲ್ಲಿ ಕೈ ಎತ್ತಿದರೆ ಟ್ರಾಫಿಕ್ಕೇ ನಿಲ್ಲುವಂಥವರು. ಮದುವೆಯ ಹಿಂದಿನ ಸಂಜೆ, ವರಪೂಜೆಯ ಹೊತ್ತಿಗೆ, ಕರ್ನಲ್ ಮೇಡಂ ಉಡುಗೊರೆ ಹಿಡಿದು ಅತಿಥಿಯಾಗಿ ಬಂದರು. ರೇಷ್ಮೆ ಸೀರೆ ಉಟ್ಟಿದ್ದರು, ಬೂಟು ಮಾತ್ರ ಅದೇ. ಅಡುಗೆಮನೆಯ ಹಿಂದೆ ಕೈ ತೊಳೆಯಲು ಹೋದವರು ನೆಲದೊಳಗಿನ ನೀರಿನ ತೊಟ್ಟಿಯ ಮುಚ್ಚಳ ಎತ್ತಿಬಿಟ್ಟರು. ತೊಟ್ಟಿಯ ತುಂಬ ಮರಿಗಳು. ಮಂಟಪದ ಹಿಂದಿನ ಓಣಿಯ ಪುಟ್ಟ ಹುಡುಗಿಯೊಬ್ಬಳು ಅದೇ ವಾರ ಡೆಂಗಿ ಜ್ವರದಿಂದ ಆಸ್ಪತ್ರೆ ಸೇರಿದ್ದಳು. ಮೂಲ ಎಲ್ಲಿದೆ ಎಂದು ನಾವು ಆ ಓಣಿಯ ಮನೆಮನೆ ಹುಡುಕುತ್ತಿದ್ದೆವು.

"ಮೋಟರ್ ಹಾಕಿ. ಈಗ್ಲೇ ಖಾಲಿ ಆಗ್ಬೇಕು" ಎಂದರು.

ಬೆಳಗಾದರೆ ಮುಹೂರ್ತ, ಬೀಗರು ಬಂದಿಳಿದಿದ್ದಾರೆ, ಒಲೆಯ ಮೇಲೆ ಅನ್ನ ಬೇಯುತ್ತಿದೆ. ಯಜಮಾನರು ಓಡಿಬಂದರು.

"ಏನ್ ಮೇಡಂ ಇದು, ಶುಭ ಕಾರ್ಯದ ಮನೇಲಿ? ಮದುವೆ ಮುಗೀಲಿ, ಮುಂದಿನ ವಾರ ನಾನೇ ಮಾಡಿಸ್ತೀನಿ."

"ಮುಂದಿನ ವಾರದಷ್ಟೊತ್ತಿಗೆ ಇವೆಲ್ಲ ಹಾರಿಹೋಗಿರ್ತವೆ. ಸೊಳ್ಳೆ ಪಂಚಾಂಗ ನೋಡಲ್ಲ ಯಜಮಾನ್ರೇ."

"ನಾನ್ಯಾರು ಗೊತ್ತಾ ನಿಮ್ಗೆ?"

"ಗೊತ್ತು. ಈ ತೊಟ್ಟಿ ನಿಮ್ದು. ನಂಗೆ ಅಷ್ಟು ಗೊತ್ತಿದ್ರೆ ಸಾಕು."

ಬೀಗರ ಕಡೆಯ ಹಿರಿಯರೊಬ್ಬರು ಮುಹೂರ್ತದ ಹಿಂದಿನ ದಿನ ನೀರು ಬರಿದು ಮಾಡುವ ಮನೆಯಿಂದ ಹೆಣ್ಣು ತರುವುದು ಹೇಗೆ ಎಂದು ಗಟ್ಟಿಯಾಗಿಯೇ ಕೇಳಿದರು. ತಂಗಿ ಬಾಗಿಲ ಬಳಿ ಬಿಳಿಚಿಕೊಂಡು ನಿಂತಿದ್ದಳು. ಎಲ್ಲರೂ ಅಮ್ಮನ ಮುಖ ನೋಡಿದರು. ಅವಳು ಬೇಡವೆಂದಿದ್ದರೆ ಮೇಡಂ ಅಲ್ಲಿ ಒಂಟಿಯಾಗುತ್ತಿದ್ದರು, ಹೂಂ ಅಂದಿದ್ದರೆ ಮದುವೆ ನಿಲ್ಲಬಹುದಿತ್ತು.

ಅಮ್ಮ ಒಳಗೆ ಹೋಗಿ ಕಳಶದ ಸಾಮಾನಿನ ಚೀಲದಿಂದ ಆ ಬಿಳಿ ಮಗ್ಗನ್ನು ತಂದಳು. ಅದನ್ನು ಮದುವೆಗೂ ಹೊತ್ತು ತಂದಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ತೊಟ್ಟಿಯಿಂದ ಒಂದು ಮಗ್ಗು ನೀರು ಮೊಗೆದು, ಬಾಣಸಿಗನ ಒಲೆಯಲ್ಲಿ ಕುದಿಸಿ, ಬಿಳಿ ಬಟ್ಟೆ ಕಟ್ಟಿ, ಮಂಟಪದ ನಡುವೆ ಇಟ್ಟು ಕುಂಕುಮ ಹಚ್ಚಿದಳು. ಆಮೇಲೆ ಬೀಗರ ಕಡೆ ತಿರುಗಿ, "ಲಕ್ಷ್ಮಿ ಇಲ್ಲಿ ಕೂತಿದಾಳೆ. ನನ್ ಮಗಳು ನಿಮ್ಮನೆಗೆ ಬರ್ತಿರೋದು ಬಾಳೋಕೆ, ಜ್ವರ ತರೋಕಲ್ಲ. ಇನ್ನೇನಾದ್ರೂ ಕೇಳೋದಿದ್ರೆ ಕೇಳಿ" ಎಂದಳು.

ಕಾಗದನಗರದಿಂದ ಬಂದಿದ್ದ ಹೆಂಗಸರು ಸೆರಗು ಸಿಕ್ಕಿಸಿಕೊಂಡರು. ಮೇಡಂ ರೇಷ್ಮೆ ಸೀರೆಯಲ್ಲೇ ಏಣಿ ಹಿಡಿದು ತೊಟ್ಟಿಗೆ ಇಳಿದರು. ಟೈರಿನ ಸಾಹೇಬರಿಗೆ ಫೋನು ಹೋಗಿ, ಅವರು ನೀರಿನ ಟ್ಯಾಂಕರ್ ಹಿಡಿದುಕೊಂಡು ಬಂದರು. ಉಜ್ಜಿದ ತೊಟ್ಟಿಗೆ ಮೊದಲು ಬಿದ್ದದ್ದು ಅಮ್ಮನ ಮಗ್ಗಿನ ನೀರು. ಮದುವೆ ಹೇಳಿದ ಮುಹೂರ್ತಕ್ಕೇ ನಡೆಯಿತು. ಆ ಓಣಿಯ ಹುಡುಗಿಯೂ ಮನೆಗೆ ಮರಳಿದಳು.

ಯಜಮಾನರು ಸುಮ್ಮನೆ ಬಿಡುವವರೇ? ಯಾವ ಫೋನು ಎಲ್ಲಿಗೆ ಹೋಯಿತೋ, ಸ್ವಲ್ಪ ದಿನಕ್ಕೆ ಮೇಲಿನವರು ಮೇಡಂ ಅವರನ್ನು ಗಲ್ಲಿ ಕೆಲಸದಿಂದ ತೆಗೆದು ತರಬೇತಿ ಕೊಡುವ ಕೆಲಸಕ್ಕೆ ಹಾಕಿದರು. ಜೀಪು ಹೋಯಿತು, ತಪಾಸಣೆಯ ಅಧಿಕಾರ ಹೋಯಿತು. ನಾನು ಅವರ ಎದುರು ಕೂತು ಅತ್ತೆ. ಅವರು ಚಹಾ ಹೀರುತ್ತಾ ನನ್ನನ್ನೇ ಗದರಿದರು.

"ಅಳೋದು ನಿಲ್ಸು. ತರಬೇತಿ ಕೊಡು ಅಂದಿದಾರೆ, ಯಾರಿಗೆ ಅಂತ ಹೇಳಿಲ್ಲ. ಅವ್ರು ನಂಗೆ ಶಿಕ್ಷೆ ಕೊಟ್ಟಿದೀವಿ ಅಂದ್ಕೊಂಡಿದಾರೆ. ರೆಜಿಮೆಂಟ್ ಕೊಟ್ಟಿದಾರೆ ಮಾರಾಯ್ತಿ!"

ಅಲ್ಲಿಂದ ಮುಂದೆ ಸಿಟಿ ಬಸ್ಸಿನಲ್ಲೇ ಓಡಾಟ. ಕೋಟೆಯ ಹೆಂಗಸರು, ಟೈರ್ ಅಂಗಡಿಗಳ ಮನೆಯ ಹೆಂಗಸರು, ಗಾಜನೂರಿನವರು, ಕಾಗದನಗರದ ತಮಿಳು ತೆಲುಗು ಮನೆಗಳವರು, ಎಲ್ಲರನ್ನೂ ಕೂರಿಸಿ ಡ್ರಮ್ಮಿನೊಳಗೆ ಕೈ ಇಳಿಸುವುದನ್ನು ಕಲಿಸಿದರು. ಅಳುಕಿದವರ ಮಣಿಕಟ್ಟು ಹಿಡಿದು ತಾವೇ ಒತ್ತಿದರು. ಇಷ್ಟು ದಿನ ಒಬ್ಬ ಕರ್ನಲ್‌ಗೆ ಹೆದರುತ್ತಿದ್ದ ಊರಿನಲ್ಲಿ ಈಗ ಓಣಿಗೊಬ್ಬರು ಕರ್ನಲ್ ಆದರು.

ಅವರ ಹೃದಯ ನಿಂತದ್ದು ಅಂಥದೇ ಒಂದು ಪಾಠಕ್ಕೆ ಹೊರಡುವ ಬೆಳಗ್ಗೆ, ಬೂಟಿನ ಲೇಸು ಕಟ್ಟುವಾಗ. ನುಡಿನಮನದ ಸಭೆಗೆ ಯಜಮಾನರು ತಮ್ಮ ಮಂಟಪವನ್ನೇ ಕೊಟ್ಟರು, ಮೊದಲ ಮಾತೂ ಅವರದೇ. "ಮೃದು ಸ್ವಭಾವದವರು. ನಮ್ಮ ಕುಟುಂಬಕ್ಕೆ ತುಂಬ ಬೇಕಾದವರು" ಎಂದರು. ಅಮ್ಮ ಅಂದೂ ಹೊತ್ತು ತಂದಿದ್ದ ಮಗ್ಗನ್ನು ಅವಳ ಚೀಲದಿಂದ ತೆಗೆದುಕೊಂಡು ಅಡುಗೆಮನೆಯ ಹಿಂದೆ ಹೋಗಿ ತೊಟ್ಟಿಯ ಮುಚ್ಚಳ ಎತ್ತಿದೆ. ಮೊಗೆದ ನೀರಿನಲ್ಲಿ ಮರಿಗಳು ಕುಣಿಯುತ್ತಿದ್ದವು.

ವೇದಿಕೆ ಹತ್ತಿ, ಹಾರ ಹಾಕಿದ ಫೋಟೋದ ಮುಂದೆ, ಯಜಮಾನರ ಎದುರಿಗೇ ಅದನ್ನು ಇಟ್ಟೆ. "ಅವ್ರು ಮೃದು ಆಗಿರ್ಲಿಲ್ಲ. ತೊಟ್ಟಿ ಖಾಲಿ ಮಾಡಿಸಿ" ಎಂದೆ.

ಯಜಮಾನರು ಮೈಕಿಗೆ ಕೈ ಅಡ್ಡ ಹಿಡಿದು, "ಇವತ್ತು ಬೇಡಮ್ಮ. ಇವತ್ತು ದುಃಖದ ದಿನ" ಎಂದರು.

"ಸೊಳ್ಳೆ ಪಂಚಾಂಗ ನೋಡಲ್ಲ ಯಜಮಾನ್ರೇ!"

ಹೇಳಿದ್ದು ನಾನಲ್ಲ. ಹಿಂದಿನ ಸಾಲಿನಲ್ಲಿದ್ದ, ನನಗೆ ಪರಿಚಯವೇ ಇಲ್ಲದ ಒಬ್ಬ ಹೆಂಗಸು. ಅವಳು ಎದ್ದು ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಳು. ಪಕ್ಕದವಳೂ ಎದ್ದಳು. ಅವರ ಹಿಂದೆ ಇಡೀ ಸಾಲು ಎದ್ದಿತು. ಅಮ್ಮ ಆಗಲೇ ಮಗ್ಗನ್ನು ಎತ್ತಿಕೊಂಡು ಒಲೆಯ ಕಡೆ ಹೊರಟಿದ್ದಳು.