ಮಸಿ ಹಚ್ಚಿದ ತೋಟಾ

ಸ್ವೀಡನ್ ಗಡಿಗೆ ಹತ್ತಿರದ ನಮ್ಮ ನಾರ್ವೆ ಕಣಿವೆಯಲ್ಲಿ ಕೋವಿ ಕೆಟ್ಟರೆ ಜನ ಬರುತ್ತಿದ್ದದ್ದು ನನ್ನ ಗಂಡ ಎಂಬ್ರೆಟ್‌ನ ಹತ್ತಿರ. ಬೇಟೆ ತಂಡದ ಹನ್ನೊಂದು ಜನಕ್ಕೂ ತೋಟಾ ತುಂಬಿಕೊಡುತ್ತಿದ್ದವನೂ ಅವನೇ. ಸುಟ್ಟ ಹಿತ್ತಾಳೆ ಕೋಶಗಳನ್ನು ಅವರು ತಂದುಕೊಟ್ಟರೆ, ಮದ್ದು ಅಳೆದು ಹಾಕಿ, ಗುಂಡು ಕೂರಿಸಿ, ಗುಂಡು ಅಲುಗದಂತೆ ಯಂತ್ರದಲ್ಲಿ ಕೋಶದ ಬಾಯಿ ಒತ್ತಿ, ಕಾಫಿ ಡಬ್ಬಿಗಳಲ್ಲಿ ಹಿಂದಿರುಗಿಸುತ್ತಿದ್ದ. ಅಂಗಡಿ ತೋಟಾ ಕೊಳ್ಳುವವರನ್ನು, ಮನೆಯಲ್ಲಿ ಒಲೆ ಇಟ್ಟುಕೊಂಡು ಹೋಟೆಲಿನಲ್ಲಿ ಉಣ್ಣುವವರು ಎಂದು ಹಂಗಿಸುತ್ತಿದ್ದ.

ಅವನಿಗೆ ಎಪ್ಪತ್ತೊಂದಾದ ವರ್ಷ, ಬೇಟೆಯ ಎರಡನೇ ದಿನ, ತಂಡದ ಯೋರುನ್ ಎಂಬ ಹುಡುಗಿ ಒಂದು ಮೂಸ್‌ಗೆ, ಕುದುರೆಯಷ್ಟು ಎತ್ತರದ ಜಿಂಕೆಗೆ, ಗುಂಡು ಹೊಡೆದಳು. ಅದು ಬೀಳಲಿಲ್ಲ. ಎರಡನೇ ತೋಟಾ ನಳಿಗೆಯ ಹಿಂಬದಿಯ ಬಾಯಲ್ಲೇ ಸಿಕ್ಕಿಕೊಂಡಿತು. ಪ್ರಾಣಿ ಕುಂಟುತ್ತಾ ಜೌಗಿಗೆ ಇಳಿಯಿತು. ಮರುದಿನ ನಾಯಿ ಹುಡುಕುವಷ್ಟರಲ್ಲಿ ಸತ್ತು ಮಾಂಸವೂ ಕೆಟ್ಟಿತ್ತು. ಹುಡುಗಿಯ ಕೈ ನಡುಗಿದೆ, ಇನ್ನು ಅವಳು ಅಡುಗೆ ನೋಡಿಕೊಳ್ಳಲಿ ಎಂದು ತಂಡದ ಮುಖ್ಯಸ್ಥ ಗುಡ್‌ಬ್ರಾಂಡ್ ಎಲ್ಲರೆದುರು ಹೇಳಿದನಂತೆ. ಅವಳು ಕೋವಿಯನ್ನೂ ಉಳಿದ ತೋಟಾಗಳನ್ನೂ ನಮ್ಮ ಮೇಜಿನ ಮೇಲಿಟ್ಟು ಹೋದಳು.

ಎಂಬ್ರೆಟ್ ಗುಂಡು ಹಾರದಂತೆ ಬೋಲ್ಟಿನ ಸೂಜಿಯನ್ನು ಬಿಚ್ಚಿಟ್ಟು ನಳಿಗೆ ಒರೆಸಿದ, ತೋಟಾ ಪೆಟ್ಟಿಗೆಗೆ ಹೊಸ ಸ್ಪ್ರಿಂಗ್ ಹಾಕಿದ. ಅವಳು ಬಿಟ್ಟುಹೋದ ತೋಟಾಗಳನ್ನು ಒಂದೊಂದಾಗಿ ಒಳಗೆ ತಳ್ಳಿ ನೋಡಿದ. ಮೊದಲನೆಯದು ಸಿಕ್ಕಿಕೊಂಡಿತು, ಎರಡನೆಯದೂ ಹಾಗೇ. ಮೂರನೆಯದು ಸಲೀಸಾಗಿ ಹೋಯಿತು. ಕೋವಿಗೇ ರೋಗವಿದ್ದರೆ ಮೂರೂ ಸಿಕ್ಕಿಕೊಳ್ಳಬೇಕಿತ್ತು ಎಂದು ಗೊಣಗಿದ. ಒಲೆಯ ಮಸಿಗೆ ಎಣ್ಣೆ ಕಲಸಿ, ಸಿಕ್ಕಿಕೊಂಡ ತೋಟಾಕ್ಕೆ ತೆಳ್ಳಗೆ ಸವರಿ, ಮತ್ತೆ ಒಳಗೆ ತಳ್ಳಿ ತೆಗೆದ. ಎಲ್ಲಿ ಉಜ್ಜುತ್ತದೋ ಅಲ್ಲಿ ಮಸಿ ಹೋಗಿರುತ್ತದೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದ, ಮೂಗಿನ ಹತ್ತಿರ ತಂದ, ಕೊನೆಗೆ ನನಗೆ ಕೊಟ್ಟ.

"ಎಲ್ಲಿ ಹೋಗಿದೆ ನೋಡು."

ತೋಟಾದ ಕತ್ತಿನ ಕೆಳಗೆ, ಅದು ಅಗಲವಾಗುವ ಭುಜದ ಸುತ್ತ, ಹಿತ್ತಾಳೆ ಉಂಗುರದ ಹಾಗೆ ಹೊಳೆಯುತ್ತಿತ್ತು. ಬಾಯಿಯನ್ನು ಅತಿಯಾಗಿ ಒತ್ತಿದ್ದರಿಂದ ಭುಜ ಉಬ್ಬಿತ್ತು. ಅದು ನಮ್ಮ ಯಂತ್ರದ ಗುರುತು. ಎಲ್ಲ ಕಡೆಯೂ ಹೋಗಿದೆ ಎಂದು ಸುಳ್ಳು ಹೇಳಿದ್ದರೆ ನಂಬುತ್ತಿದ್ದ, ಅವನ ಕೆಲಸದ ತಪ್ಪು ಮುಚ್ಚಿಹೋಗುತ್ತಿತ್ತು. ಆದರೆ ಯೋರುನ್ ಅಡುಗೆಮನೆಯಲ್ಲೇ ಉಳಿಯುತ್ತಿದ್ದಳು.

"ಭುಜದ ಸುತ್ತ. ಉಬ್ಬಿದೆ ಎಂಬ್ರೆಟ್."

ಅವನು ಉಗುರಿನಿಂದ ಸವರಿ ನೋಡಿದ. ತುಂಬಾ ಹೊತ್ತು ಸವರಿದ.

ಭಾನುವಾರ ಗುಡ್‌ಬ್ರಾಂಡ್‌ನ ಮನೆಯಲ್ಲಿ ತಂಡವೆಲ್ಲ ಕಾಫಿಗೆ ಸೇರಿದಾಗ ಎಂಬ್ರೆಟ್ ಎದ್ದುನಿಂತು, ತಪ್ಪು ಹುಡುಗಿಯದಲ್ಲ, ತೋಟಾ ಉಬ್ಬಿಸಿದ ತನ್ನದು ಎಂದ. ಯಾರೋ ನಕ್ಕು, ಈ ಮುದುಕನಿಗೆ ಕನ್ನಡಕ ಕೊಳ್ಳು ಅಂದ್ರೆ ಕಿವೀನೂ ಕೇಳಲ್ಲ ಎಂದರು. ಗುಡ್‌ಬ್ರಾಂಡ್ ನಗಲಿಲ್ಲ.

"ಅಂಥವು ಇನ್ನೆಷ್ಟಿವೆ?"

"ಗೊತ್ತಿಲ್ಲ ಕಣೋ. ನಂಗೆ ಕಾಣಲ್ಲ."

ಆಮೇಲೆ ಯಾರೂ ನಗಲಿಲ್ಲ. ಒಬ್ಬೊಬ್ಬರೇ ಮನೆಗೆ ಹೋಗಿ ಅವನು ತುಂಬಿಕೊಟ್ಟಿದ್ದ ತೋಟಾ ಡಬ್ಬಿ ತಂದಿಟ್ಟರು. ಸೋಮವಾರದಿಂದ ಯೋರುನ್ ಮತ್ತೆ ಬೇಟೆಯಲ್ಲಿ ತನ್ನ ಹಿಂದಿನ ಜಾಗದಲ್ಲೇ ನಿಲ್ಲಲಿ ಎಂದು ಗುಡ್‌ಬ್ರಾಂಡ್ ಹೇಳಿದ. ಅವಳು ತಲೆಯೆತ್ತಲಿಲ್ಲ.

ವಾಪಸ್ ಬರುವಾಗ ಕಾರು ಓಡಿಸಿದ್ದು ನಾನು. ಸೇತುವೆ ದಾಟಿದ ಮೇಲೆ ಕೇಳಿದ.

"ನನ್ನ ಕಣ್ಣಿಂದು ನಿಂಗೆ ಮೊದಲೇ ಗೊತ್ತಿತ್ತಾ?"

ಬೇಸಿಗೆಯಿಂದಲೇ ಗೊತ್ತಿತ್ತು. ಕಾಫಿ ಬಗ್ಗಿಸುವಾಗ ಲೋಟದೊಳಗೆ ಬೆರಳಿಟ್ಟು ಅಳೆಯುತ್ತಿದ್ದುದನ್ನು ನೋಡಿದ್ದೆ. ತೋಟಾ ತುಂಬುವ ಕೆಲಸವೂ ಇಲ್ಲವಾದರೆ ಇವನೇನು ಮಾಡಿಯಾನು ಎಂದು ಸುಮ್ಮನಿದ್ದೆ.

"ಗೊತ್ತಿತ್ತು" ಎಂದೆ.

"ಆ ಪ್ರಾಣಿ ರಾತ್ರಿಯೆಲ್ಲಾ ಜೌಗಲ್ಲಿ ಬಿದ್ದಿತ್ತು ಕಣೇ."

ಮನೆಗೆ ಬಂದು ಯಂತ್ರವನ್ನು ಮೇಜಿನಿಂದ ಬಿಚ್ಚಿದ. ತಿರುಪುಗಳು ಕಾಣದೆ ತಡಕಾಡುತ್ತಿದ್ದ, ನನ್ನನ್ನು ಕರೆಯಲಿಲ್ಲ.