ಕಾಕ್‌ಪಿಟ್‌ನ ಮೂರನೇ ಸೀಟು

ಪೈಲಟ್‌ಗಳ ಬೆನ್ನ ಹಿಂದೆ ಕಾಕ್‌ಪಿಟ್‌ನಲ್ಲಿ ಒಂದು ಹೆಚ್ಚುವರಿ ಸೀಟು ಇರುತ್ತದೆ. ವಿಮಾನ ತುಂಬಿದ್ದರೆ ಡ್ಯೂಟಿಯಿಲ್ಲದ ನಮ್ಮಂಥ ಪೈಲಟ್‌ಗಳಲ್ಲಿ ಒಬ್ಬರು ಅದರಲ್ಲಿ ಕೂತು ಹೋಗಬಹುದು. ಮೊದಲೆಲ್ಲ ಅದು ಸೀನಿಯರ್‌ಗಳ ಪಾಲು. ನಾನು ಜೂನಿಯರ್ ಆಗಿದ್ದಾಗ ಮೀಟಿಂಗಿನಲ್ಲಿ ಮೇಜು ಕುಟ್ಟಿ, ಮೊದಲು ಹೆಸರು ಬರೆಸಿದವರಿಗೇ ಸೀಟು ಅಂತ ರೂಲ್ ಮಾಡಿಸಿದ್ದೆ.

ಮೊನ್ನೆ ಮಂಗಳೂರಿನಲ್ಲಿ ತಂಗಿಯ ಮನೆ ಒಕ್ಕಲು. "ಟಿಕೆಟ್ ಯಾಕೆ ಮಾರಾಯ್ತಿ, ಕಾಕ್‌ಪಿಟ್ ನಮ್ಮದೇ" ಅಂತ ಫೋನಿನಲ್ಲಿ ಕೊಚ್ಚಿಕೊಂಡಿದ್ದೆ. ಈಗ ನಾನೇ ಕ್ಯಾಪ್ಟನ್ ನೋಡಿ. ಭುಜದ ನಾಲ್ಕು ಪಟ್ಟಿ ಕಾಣಲೆಂದು ರಜೆಯಲ್ಲೂ ಯೂನಿಫಾರ್ಮ್ ಹಾಕಿಕೊಂಡೇ ಹೋದೆ. ವಿಮಾನ ಭರ್ತಿ. ಆ ಸೀಟಿನಲ್ಲಿ, ಮೂಲ ನಮ್ಮ ಊರ ಕಡೆಯದಾದರೂ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ, ಹೊಸ ಕೋ-ಪೈಲಟ್, ಆಗಲೇ ಬೆಲ್ಟ್ ಬಿಗಿದು ಕೂತಿದ್ದಳು.

"ಯಾವಾಗ ಹೆಸರು ಬರೆಸಿದ್ದಮ್ಮ?"

"ಲಿಸ್ಟ್ ಖುಲ್ತೇ ಹೀ, ಸರ್, ತೆರೆದ ಕೂಡಲೇ. ಡೊಂಬಿವಲಿಯವರು ನಾವು, ಲೋಕಲ್ ಟ್ರೇನ್‌ನಲ್ಲಿ ಸೀಟು ಹಿಡಿಯಲಿಕ್ಕೆ, ಅದು ಹೊರಡುವ ಕಲ್ಯಾಣಕ್ಕೇ ಉಲ್ಟಾ ಹೋಗಿ ಕೂತು ಬರ್ತೇವೆ." ಆಮೇಲೆ ಮೆಲ್ಲಗೆ, "ರೂಲ್ ನಿಮ್ಮದೇ ಅಲ್ವಾ ಸರ್?"

ಅವಳು ಹಾರಿದಳು. ನಾನು ಸೀವುಡ್ಸ್‌ನ ಮನೆಗೆ ವಾಪಸಾಗುವ ಲೋಕಲ್‌ನಲ್ಲಿ ನಿಂತು, ಎದುರು ಕೂತವನನ್ನು ಅವನ ಸೀಟಿನ ಆಸೆಯಿಂದ ಕೇಳಿದೆ: "ಎಲ್ಲಿ ಇಳೀತೀರಿ?"

ಅವನು ನನ್ನ ನಾಲ್ಕೂ ಪಟ್ಟಿಗಳನ್ನು ನಿಧಾನವಾಗಿ ನೋಡಿದ.

"ಲಾಸ್ಟ್ ಸ್ಟೇಷನ್, ಸಾಬ್."